ಡೌನ್‌ಲೋಡ್ ಮಾಡಿದರೆ ಅಕ್ಷರ ಮಾಯ: ಕಾಲೇಜಿನ ಪಾಠದ ಆ್ಯಪ್ ಜೊತೆ ಎರಡೂವರೆ ವರ್ಷ

ಈ ಆ್ಯಪ್‌ನಲ್ಲಿ ಏನೇನಿದೆ ಅಂತ ಪ್ಲೇ ಸ್ಟೋರ್‌ನಲ್ಲೇ ಉದ್ದಕ್ಕೆ ಬರೆದಿದಾರೆ, ಅದನ್ನ ಮತ್ತೆ ಒಪ್ಪಿಸಲ್ಲ. ನಾನು ಬಿ.ಕಾಂ. ಐದನೇ ಸೆಮಿಸ್ಟರ್. ನಾನು ಸೇರಿದ ವರ್ಷವೇ ನಮ್ಮ ಕಾಲೇಜಿನವರು ಇದನ್ನ ತಂದರು. ಕ್ಲಾಸಲ್ಲಿ ನಡೆದ ಪಾಠದ ವಿಡಿಯೋ, ಕೆಳಗಡೆ ಮಾತು ಅಕ್ಷರವಾಗಿ, ಅವರವರ ಫೋನಿಗೆ. ನನ್ನ ರೂಮ್‌ಮೇಟ್‌ಗಳು ಇದನ್ನ ತೆಗೆಯೋದು ಪರೀಕ್ಷೆ ಹಿಂದಿನ ರಾತ್ರಿ. ನನಗೆ ದಿನದ ಕ್ಲಾಸೇ ಇದು.

ಯಾಕಂದ್ರೆ ನನ್ನ ಎರಡೂ ಕಿವಿ ಮಂದ. ಮೈಸೂರು ಮಾನಸಗಂಗೋತ್ರಿಯಲ್ಲಿರೋ ವಾಕ್ ಶ್ರವಣ ಸಂಸ್ಥೆಯಲ್ಲಿ ತೆಗೆದ ಆಡಿಯೋಗ್ರಾಮ್‌ನಲ್ಲಿ, ಅಂದ್ರೆ ಕಿವಿ ಪರೀಕ್ಷೆಯ ನಕ್ಷೆಯಲ್ಲಿ, 65 ಡೆಸಿಬೆಲ್ ನಷ್ಟ ಅಂತಿದೆ. ಎರಡೂ ಕಿವಿಯಲ್ಲಿ 60ರಿಂದ 70 ಇದ್ದರೆ ಕಿವಿ ಮಂದ, 70 ಆದರೆ ಕಿವುಡು ಅನ್ನುತ್ತೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ. ಹೀಗಾಗಿ ನಾನು ಬೇಲಿ ಮೇಲೆ ಕೂತವಳು. ಕಿವಿಗೆ ಶ್ರವಣ ಮಷೀನ್ ಹಾಕಿದರೆ ದನಿ ಕೇಳುತ್ತೆ, ಮಾತು ಬಿಡಿಸಿಕೊಳ್ಳಲ್ಲ. ಎಂಬತ್ತು ಜನರ ಕ್ಲಾಸಲ್ಲಿ ಅದು ಮೇಡಂ ದನಿಗಿಂತ ಮೊದಲು ಫ್ಯಾನಿನ ಸದ್ದನ್ನೇ ದೊಡ್ಡದು ಮಾಡಿ ಕೊಡುತ್ತೆ. ಮೇಡಂ ಬೋರ್ಡ್ ಕಡೆ ತಿರುಗಿದರೋ, ತುಟಿಯೂ ಇಲ್ಲ.

ರಾತ್ರಿ ಹಾಸ್ಟೆಲ್ ಊಟ ಮುಗಿಸಿ ಬಂದು ಮೊದಲು ಮಾಡೋ ಕೆಲಸ ಕಿವಿಯಿಂದ ಮಷೀನ್ ತೆಗೆಯೋದು. ಕಿವಿಯೊಳಗೆ ಕೂರೋ ಅಚ್ಚನ್ನ ಒಣ ಬಟ್ಟೇಲಿ ಒರೆಸಿ, ಬ್ಯಾಟರಿ ಬಾಗಿಲು ತೆರೆದು, ತೇವ ಹೀರೋ ಗುಳಿಗೆ ಇರೋ ಡಬ್ಬಿಗೆ ಹಾಕ್ತೀನಿ. ನನ್ನದು 675 ಬ್ಯಾಟರಿ, ನೀಲಿ ಸ್ಟಿಕ್ಕರ್ ಇರುತ್ತಲ್ಲ ಅದು. ಸ್ಟಿಕ್ಕರ್ ಕಿತ್ತ ಮೇಲೆ ಗಾಳಿ ಕುಡಿದು ಜೀವ ಬರೋ ಬ್ಯಾಟರಿ, ಒಂದು ನಿಮಿಷ ಬಿಟ್ಟು ಹಾಕಬೇಕು. ಒಮ್ಮೆ ಕಿತ್ತರೆ ಬಳಸಿದರೂ ಬಳಸದಿದ್ದರೂ ಸವೀತಾನೇ ಇರುತ್ತೆ. ಆಮೇಲೆ ಮಂಚದ ಮೇಲೆ ಗೋಡೆಗೊರಗಿ ಫೋನ್ ಅಡ್ಡ ಹಿಡಿದು, ದನಿ ಸೊನ್ನೆಗೆ ಇಳಿಸಿ, ಅವತ್ತಿನ ಪಾಠ ಓದ್ತೀನಿ. ಹೌದು, ಓದೋದೇ. ಈ ಸುಖ ಸಿಗುತ್ತೆ ಅಂತ ನಾನು ಅಂದುಕೊಂಡಿರಲಿಲ್ಲ. ಬೆಳಗಿಂದ ಕಿವಿ ನಿಮಿರಿಸಿಕೊಂಡು ಕೂತು ತಲೆ ಸಿಡೀತಿರುತ್ತೆ. ರಾತ್ರಿ ಅದೇ ಪಾಠ ಒಂದು ಚೂರೂ ಸದ್ದಿಲ್ಲದೆ, ಎರಡು ಸಾಲು ಎರಡು ಸಾಲಾಗಿ ಬರುತ್ತೆ. ಅರ್ಥ ಆಗದಿದ್ದರೆ ಹತ್ತು ಸೆಕೆಂಡ್ ಹಿಂದಕ್ಕೆ. "ಇನ್ನೊಂದ್ಸಲ ಹೇಳಿ ಮೇಡಂ" ಅಂತ ಎಂಬತ್ತು ತಲೆ ನನ್ನ ಕಡೆ ತಿರುಗೋ ಹಾಗೆ ಎದ್ದು ನಿಲ್ಲಬೇಕಾಗಿಲ್ಲ.

ಅಕ್ಷರ ಸರಿಯಾಗಿರುತ್ತಾ? ನಗಬೇಡಿ. ಮೇಡಂ ನಮ್ಮೆಲ್ಲರ ಹಾಗೆ ಕನ್ನಡ ಇಂಗ್ಲಿಷ್ ಕಲಸಿ ಪಾಠ ಮಾಡ್ತಾರೆ, ಆ್ಯಪ್‌ಗೆ ಗೊತ್ತಿರೋದು ಇಂಗ್ಲಿಷ್ ಒಂದೇ. ಮೊದಲ ವಾರ "ಈ ಆಂಡ್ರ್ಯೂ ಯಾರು, ಸಾಲು ಸಾಲಿಗೂ ಬರ್ತಾನಲ್ಲ" ಅಂತ ತಲೆ ಕೆಡಿಸಿಕೊಂಡಿದ್ದೆ. ಮೇಡಂ ಮಾತುಮಾತಿಗೂ ಹೇಳೋ "ಅಂದ್ರೆ" ಅದು. "ಆಮೇಲೆ" ಅಂದರೆ ಆಮ್ಲೆಟ್. ಸಂಡ್ರಿ ಡೆಟರ್ಸ್ (ನಮಗೆ ಬಾಕಿ ಕೊಡಬೇಕಾದವರು) ಬಂದಾಗೆಲ್ಲ ಸಂಡೇ ಡಾಕ್ಟರ್ಸ್. ಎರಡು ತಿಂಗಳಲ್ಲಿ ನನಗೆ ಇದು ಒಂದು ಭಾಷೆಯಾಗೇ ಬಂತು. ಈಗಲೂ ರೂಮಲ್ಲಿ ಯಾರಾದರೂ ಏನಾದರೂ ವಿವರಿಸೋಕೆ ಹೊರಟರೆ "ಬಂದ ನೋಡು ಆಂಡ್ರ್ಯೂ" ಅಂತೀವಿ. ತಪ್ಪು ಅಕ್ಷರವನ್ನ ನಾನು ಕ್ಷಮಿಸಿಬಿಟ್ಟಿದೀನಿ.

ಕ್ಷಮಿಸೋಕೆ ಆಗದಿರೋದು ಒಂದಿದೆ. ವಿಡಿಯೋ ಡೌನ್‌ಲೋಡ್ ಮಾಡಿದರೆ ಅಕ್ಷರ ಬರಲ್ಲ. ನೆಟ್ ಇದ್ದು ನೇರ ನೋಡಿದರೆ ಉಂಟು, ಫೋನಿಗೆ ಇಳಿಸಿಕೊಂಡು ನೋಡಿದರೆ ಇಲ್ಲ. ಅಷ್ಟೇ. ಕೇಳಿಸೋರಿಗೆ ಇದು ದೂರೇ ಅಲ್ಲ, ನನ್ನ ರೂಮ್‌ಮೇಟ್‌ಗಳಿಗೆ ಎರಡು ವರ್ಷ ಗೊತ್ತೇ ಇರಲಿಲ್ಲ.

ನಮ್ಮೂರು ತಿಪಟೂರು ಕಡೆ. ಶುಕ್ರವಾರ ಸಂಜೆ ಕೆಂಪು ಬಸ್ಸಲ್ಲಿ ಮನೆಗೆ ಹೋದರೆ ನೆಟ್‌ವರ್ಕ್ ಸಿಗೋದು ಕೊಬ್ಬರಿ ಅಟ್ಟದ ಮೇಲೆ ಮಾತ್ರ. ಕಾಯಿ ಅಲ್ಲಿ ಹತ್ತು ಹನ್ನೊಂದು ತಿಂಗಳು ಹಾಗೇ ಬಿದ್ದಿದ್ದು ಒಣಗಿ ಉಂಡೆ ಕೊಬ್ಬರಿ ಆಗುತ್ತೆ. ಅಪ್ಪ ಒಂದೊಂದನ್ನೇ ಕಿವಿ ಹತ್ತಿರ ಅಲ್ಲಾಡಿಸಿ, ಒಳಗೆ ಗಡಗಡ ಅಂದರೆ ಆಯ್ತು ಅಂತಾರೆ. ನಾನು ಅಂಗೈಯಲ್ಲೇ ಹೇಳಬಲ್ಲೆ, ಅದು ಬೇರೆ ಮಾತು. ಆ ಅಟ್ಟದ ಮೇಲೂ ಎರಡು ಕಡ್ಡಿ ನೆಟ್‌ವರ್ಕ್, ದಿನಕ್ಕೆ ಒಂದೂವರೆ ಜಿಬಿ, ಅದರಲ್ಲಿ ಹಾಟ್‌ಸ್ಪಾಟ್ ಹಾಕಿಸಿಕೊಂಡು ಅರ್ಧ ತಿನ್ನೋ ತಮ್ಮ. ಹಾಗಾಗಿ ಶುಕ್ರವಾರ ಮಧ್ಯಾಹ್ನವೇ ಕಾಲೇಜು ವೈಫೈಯಲ್ಲಿ ವಾರದ ಆರು ಪಾಠ ಇಳಿಸಿಕೊಂಡು ಹೋದೆ. ಅಟ್ಟ ಹತ್ತಿ ಕೂತು ತೆಗೆದರೆ, ಮೇಡಂ ಬೋರ್ಡ್ ಕಡೆ ತಿರುಗಿ ಬರೀತಿದಾರೆ, ಕೆಳಗೆ ಖಾಲಿ. ಆರಕ್ಕೆ ಆರೂ ಮೂಕಿ ಚಿತ್ರ.

ಕಂಪನಿಗೆ ಮೇಲ್ ಹಾಕಿದೆ. ಅಕ್ಷರದ ಸೌಲಭ್ಯ ಆನ್‌ಲೈನ್‌ನಲ್ಲಿ ಲಭ್ಯವಿದೆ, ಧನ್ಯವಾದ, ಅಂತ ಬಂತು. ಅದನ್ನೇ ಅಲ್ವಾ ನಾನು ಬರೆದಿದ್ದು! ಒಂದು ಗಂಟೆ ಪಾಠದ ವಿಡಿಯೋ ಕಡಿಮೆ ಗುಣಮಟ್ಟದಲ್ಲೂ ನೂರೈವತ್ತು ಎಂಬಿ ಇರುತ್ತೆ. ಅದರ ಅಕ್ಷರದ ಫೈಲ್ ನೂರು ಕೆಬಿ ಕೂಡ ಇಲ್ಲ. ಮೂಟೆ ಹೊರಿಸಿ ಕಳಿಸೋರಿಗೆ ಮೂಟೆ ಮೇಲಿನ ಚೀಟಿ ಭಾರ ಆಯ್ತಂತೆ. ಐಐಟಿಗಳು, ಐಐಎಸ್‌ಸಿ ಸೇರಿ ನಡೆಸೋ ಆನ್‌ಲೈನ್ ಪಾಠ ಎನ್‌ಪಿಟಿಇಎಲ್ 2003ರಿಂದ ನಡೀತಿದೆ, ಪುಕ್ಕಟೆ. ಅಲ್ಲಿ ಪಾಠದ ಮಾತೆಲ್ಲ ಪಿಡಿಎಫ್ ಆಗಿ ಬೇರೆಯಾಗೇ ಸಿಗುತ್ತೆ, ಕೆಲವು ಕೋರ್ಸ್‌ಗೆ ಕನ್ನಡದಲ್ಲೂ. ಇವರಿಗೆ ನಾವು ವರ್ಷಾ ವರ್ಷಾ ಫೀಸಿನ ಜೊತೆ ಡಿಜಿಟಲ್ ಶುಲ್ಕ ಅಂತ ಬೇರೆ ಕಟ್ತೀವಿ. ಅವತ್ತೇ ಒಂದು ಸ್ಟಾರ್ ಕೊಟ್ಟು ಬಂದಿದ್ದೆ.

ಆಮೇಲೆ ಆಗಿದ್ದೇ ಬೇರೆ. ನಾಲ್ಕನೇ ಸೆಮಿಸ್ಟರ್‌ನಲ್ಲಿ ಕಾಸ್ಟಿಂಗ್, ಅಂದ್ರೆ ತಯಾರಿಕೆ ಖರ್ಚಿನ ಲೆಕ್ಕ, ಹೇಳಿಕೊಡೋ ಮೇಡಂಗೆ ಆಂಡ್ರ್ಯೂ ಕತೆ ಹೇಳಿದೆ. ಅವರು ತಮ್ಮ ವಿಡಿಯೋನ ಅಕ್ಷರ ಹಾಕಿ ಯಾವತ್ತೂ ನೋಡೇ ಇರಲಿಲ್ಲ. ನೋಡಿ ಕಣ್ಣಲ್ಲಿ ನೀರು ಬರೋವರೆಗೂ ನಕ್ಕರು. ಮೇಷ್ಟ್ರುಗಳ ಲಾಗಿನ್‌ನಲ್ಲಿ ಅಕ್ಷರದ ಫೈಲ್ ತೆಗೆದು ತಿದ್ದಿ ಮತ್ತೆ ಹಾಕೋಕೆ ದಾರಿ ಇದೆ ಅಂತ ಆವಾಗ ಗೊತ್ತಾಯ್ತು. "ನೀನೇ ತಿದ್ದಿಕೊಡ್ತೀಯೇನಮ್ಮ? ವಿಡಿಯೋನೂ ಕೊಡ್ತೀನಿ" ಅಂದರು.

ಆ ಫೈಲ್ ಒಳಗೆ ಮಂತ್ರ ಏನಿಲ್ಲ. ಒಂದು ನಂಬರು, ಕೆಳಗೆ ಎಷ್ಟು ನಿಮಿಷ ಎಷ್ಟು ಸೆಕೆಂಡಿಂದ ಎಷ್ಟರವರೆಗೆ ಅಂತ ಸಮಯ, ಅದರ ಕೆಳಗೆ ಮಾತು, ಒಂದು ಖಾಲಿ ಸಾಲು. ನೋಟ್‌ಪ್ಯಾಡಲ್ಲೇ ತಿದ್ದಬಹುದು. ವಿಡಿಯೋಗೆ ಏನು ಹೆಸರಿದೆಯೋ ಅದೇ ಹೆಸರು ಕೊಟ್ಟು, ಕೊನೆಗೆ ಎಸ್‌ಆರ್‌ಟಿ ಅಂತ ಉಳಿಸಿ, ಎರಡನ್ನೂ ಒಂದೇ ಫೋಲ್ಡರ್‌ನಲ್ಲಿಟ್ಟರೆ ವಿಡಿಯೋ ನೋಡೋ ವಿಎಲ್‌ಸಿ ಪ್ಲೇಯರ್ ತಾನೇ ಹುಡುಕಿಕೊಂಡು ತೋರಿಸುತ್ತೆ. ನೆಟ್ ಬೇಡ, ಆ್ಯಪ್ಪೂ ಬೇಡ.

ಮೊದಲ ಪಾಠವನ್ನ ಮಾತ್ರ, ನನಗೆ ತೊಂದರೆ ಬೇಡ ಅಂತ, ಮೇಡಂ ಆಫೀಸಲ್ಲಿ ಟೈಪ್ ಮಾಡಿಸಿಕೊಟ್ಟಿದ್ದರು. ಹಾಕಿ ನೋಡಿದರೆ ಕನ್ನಡ ಇರಬೇಕಾದ ಕಡೆಯೆಲ್ಲ ತಲೆ ಮೇಲೆ ಗೆರೆ ಇರೋ ಇಂಗ್ಲಿಷ್ ಎ, ನಡುನಡುವೆ ಪೌಂಡ್ ಗುರುತು. ಅಕೌಂಟ್ಸ್ ಪಾಠ ಅಲ್ವಾ, ಬ್ರಿಟಿಷರ ಲೆಕ್ಕ ಏನೋ ಅಂದುಕೊಂಡೆ. ಹಳೇ ನುಡಿ ಫಾಂಟಲ್ಲಿ ಹೊಡೆದಿದ್ದರು, ಆ ಫಾಂಟ್ ಇಲ್ಲದ ಕಡೆ ಕನ್ನಡ ಹೀಗೇ ಕಾಣೋದು. ಯೂನಿಕೋಡ್‌ನಲ್ಲಿ ಹೊಡೆದು, ಉಳಿಸುವಾಗ ಯುಟಿಎಫ್-8 ಆರಿಸಿಕೊಂಡರೆ ಸರಿ. ಕನ್ನಡದಲ್ಲಿ ಇದನ್ನ ಮಾಡೋರು ಮೊದಲು ನೋಡಬೇಕಾದ್ದು ಇದೇ. ನನಗೆ ಒಂದು ಭಾನುವಾರ ಪೂರ್ತಿ ಹೋಯ್ತು.

ಈಗ ವಾರಕ್ಕೆ ಎರಡು ಪಾಠ ತಿದ್ದಿಕೊಡ್ತೀನಿ. ಆಂಡ್ರ್ಯೂನ ತೆಗೆದು "ಅಂದ್ರೆ" ಹಾಕೋದು ಒಂದೇ ಏಟಿಗೆ ಆಗುತ್ತೆ, ಉಳಿದದ್ದಕ್ಕೆ ಗಂಟೆ ಹಿಡಿಯುತ್ತೆ. ತಿದ್ದುತ್ತಾ ತಿದ್ದುತ್ತಾ ಕಾಸ್ಟಿಂಗ್ ಬಾಯಿಪಾಠ ಆಗಿದೆ, ಅದು ಲಾಭ. ಮೇಡಂ ಅದನ್ನೇ ಆ್ಯಪ್‌ಗೂ ಹಾಕ್ತಾರೆ. ರೂಮ್‌ಮೇಟ್‌ಗಳೂ ಈಗ ಅಕ್ಷರ ಹಾಕಿಕೊಂಡೇ ನೋಡೋದು, ಅದೂ ಬಸ್ಸಲ್ಲಿ ಇಯರ್‌ಫೋನ್ ಮರೆತಾಗ.

ಇನ್ನೊಂದು ದೂರಿದೆ. ಅಕ್ಷರ ಬರೋದು ಬೋರ್ಡಿನ ತಳದ ಮೇಲೆ, ಸರಿಸೋಕೆ ಆಗಲ್ಲ. ಕಾಸ್ಟ್ ಶೀಟ್ ಬರೀತಾ ಬಂದರೆ ಪ್ರೈಮ್ ಕಾಸ್ಟ್, ವರ್ಕ್ಸ್ ಕಾಸ್ಟ್ ಎಲ್ಲ ಕಾಣುತ್ತೆ, ಕೊನೆಯ ಎರಡು ಸಾಲು ಲಾಭ ಮತ್ತು ಮಾರಾಟ ಮಾತ್ರ ಮುಚ್ಚಿಹೋಗುತ್ತೆ. ಎರಡು ವರ್ಷ ನಾನು ಲಾಭ ಎಷ್ಟು ಬಂತು ಅಂತ ಅಕ್ಷರ ಆರಿಸಿ ನೋಡಿ, ಮತ್ತೆ ಹಾಕಿಕೊಂಡು ಬದುಕಿದೆ. ದಸರಾ ರಜೆ ಮುಗಿಸಿ ಬಂದಮೇಲಿನ ವಿಡಿಯೋಗಳಲ್ಲಿ ನೋಡಿದರೆ, ಮೇಡಂ ಬೋರ್ಡಿನ ಕೆಳಗೆ ಒಂದು ಗೇಣು ಜಾಗ ಬಿಟ್ಟು ಅಡ್ಡಗೆರೆ ಎಳೆದಿದಾರೆ. ಅದರ ಕೆಳಗೆ ಏನೂ ಬರೆಯಲ್ಲ.

ಒಂದು ಸ್ಟಾರ್ ಇದ್ದದ್ದನ್ನ ಮೂರು ಮಾಡಿದೀನಿ. ಹೋದ ವಾರ ಅಪ್‌ಡೇಟ್ ಬಂತು, ಬಣ್ಣ ಬದಲಾಗಿದೆ, ಡೌನ್‌ಲೋಡ್ ಹಾಗೇ ಇದೆ. ನಾಳೆ ಶುಕ್ರವಾರ, ಬಸ್ಸಿಗೆ ಮುಂಚೆ ಮೇಡಂ ಹತ್ತಿರ ಹೋಗಿ ಪೆನ್‌ಡ್ರೈವ್ ತುಂಬಿಸಿಕೊಳ್ಳಬೇಕು.