ಹಿತ್ತಾಳೆ ಪ್ಲೇಟ್ ನಂಬಿ ಹಳೇ ಲಾನ್ ಮೂವರ್ ಕೊಳ್ಳಬೇಡಿ

ಹಳೇ ಕಬ್ಬಿಣದ ಸಾಮಾನು ಅಂದ್ರೆ ನನಗೆ ಮೊದಲಿಂದ ಹುಚ್ಚು. ಹೋದ ತಿಂಗಳು ಬೆಂಗಳೂರು ಕಂಟೋನ್ಮೆಂಟ್ ಕಡೆ ಒಂದು ಅಂಗಡಿಯಲ್ಲಿ ಕೈಯಲ್ಲಿ ತಳ್ಳಿ ಹುಲ್ಲು ಕತ್ತರಿಸುವ ಲಾನ್ ಮೂವರ್ ಕಣ್ಣಿಗೆ ಬಿತ್ತು. ಕಡು ಹಸಿರು ಬಣ್ಣ, ಹಿಂದೆ ಭಾರದ ರೋಲರ್, ಮೇಲೆ ಫಳಫಳ ಹೊಳೆಯುವ ಹಿತ್ತಾಳೆ ಪ್ಲೇಟ್. ಅದರ ಮೇಲೆ '1890' ಅಂತ ಕೆತ್ತಿತ್ತು.

"ಬ್ರಿಟಿಷ್ ದೊರೆ ಬಂಗಲೆದು ಸರ್, ಇನ್ನೊಂದು ಸಿಗಲ್ಲ" ಅಂದರು ಅಂಗಡಿಯವರು.

18,000 ಎಣಿಸಿ ಕೊಟ್ಟು ಗೂಡ್ಸ್ ಆಟೋದಲ್ಲಿ ತಂದೆ. ನಮ್ಮ ಮನೆ ಮುಂದೆ ಇರೋದು ಬರೀ ಕಾಂಕ್ರೀಟು, ಒಂದು ಗರಿಕೆಯೂ ಇಲ್ಲ. ಅದು ಬಿಡಿ.

ನಂಬೋಕೆ ಕಾರಣವೂ ಇತ್ತು. ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ ಇಂಥ ಮೆಷಿನ್‌ಗೆ ಪೇಟೆಂಟ್ ಪಡೆದದ್ದು 1830ರಲ್ಲೇ. ಹಾಗಿದ್ದ ಮೇಲೆ 1890 ಯಾಕಾಗಬಾರದು ಅಂದುಕೊಂಡೆ.

ಬ್ಲೇಡು ಸಾಣೆ ಹಿಡಿಸಲು ಕಲಾಸಿಪಾಳ್ಯದ ಲೇತ್ ಕೆಲಸದವರನ್ನು ಕರೆಸಿದೆ. ಅವರು ಬ್ಲೇಡು ಮುಟ್ಟಲೇ ಇಲ್ಲ, ಹ್ಯಾಂಡಲ್ ಬುಡ ನೋಡಿ ನಕ್ಕರು. "ಸಾರ್, ಇದು ಸ್ಟಾರ್ ಸ್ಕ್ರೂ ಅಲ್ವಾ?" ಆ ಸ್ಕ್ರೂ ಪೇಟೆಗೆ ಬಂದಿದ್ದೇ 1930ರ ದಶಕದಲ್ಲಿ. ಬೋಲ್ಟ್‌ಗಳಿಗೆ 13ನೇ ನಂಬರ್ ಸ್ಪ್ಯಾನರ್ ಅಳತೆ ಮಾಡಿಸಿದ ಹಾಗೆ ಕೂತಿತು. ಅದು ಮಿಲಿಮೀಟರ್ ಲೆಕ್ಕದ್ದು. ಹಳೇ ಇಂಗ್ಲಿಷ್ ಬೋಲ್ಟ್‌ಗಳದ್ದು ಇಂಚಿನ ಲೆಕ್ಕ.

ರಿಪೇರಿಯಲ್ಲಿ ಬದಲಾಯಿಸಿರಬಹುದಲ್ಲ ಅಂತ ನಾನು ವಾದಿಸಿದೆ. ಇರಬಹುದು ಅಂತ ಅವರೂ ಒಪ್ಪಿದರು. ಸುಮ್ನೆ ಇರದೆ ಪಕ್ಕದ ಎರಕದ ಭಾಗಕ್ಕೆ ಥಿನ್ನರ್ ಹಚ್ಚಿ ಉಜ್ಜಿದರು. ಹಸಿರಿನ ಕೆಳಗೆ ಕೆಂಪು, ಕೆಂಪಿನ ಕೆಳಗೆ ಎರಕದಲ್ಲೇ ಮೂಡಿದ್ದ ಪೇಟೆಂಟ್ ನಂಬರ್. ಆರು ಅಂಕಿ, ಮುಂದೆ ವರ್ಷ ಇಲ್ಲ. ಅಲ್ಲಿಗೆ ನನ್ನ ಬಾಯಿ ಮುಚ್ಚಿತು. ಬ್ರಿಟನ್ನಿನಲ್ಲಿ ಮೊದಲು ಪ್ರತಿ ವರ್ಷ 1ರಿಂದ ನಂಬರ್ ಶುರುವಾಗುತ್ತಿತ್ತು, ಅದಕ್ಕೇ ಜೊತೆಗೆ ವರ್ಷ ಬರೆಯುತ್ತಿದ್ದರು. 1,00,001ರಿಂದ ಒಂದೇ ಸಾಲಾಗಿ ನಂಬರ್ ಕೊಡಲು ಶುರು ಮಾಡಿದ್ದು 1916ರಲ್ಲಿ. ಸ್ಕ್ರೂ ಬದಲಾಯಿಸಬಹುದು, ಎರಕದ ಅಕ್ಷರ ಹೇಗೆ ಬದಲಾಯಿಸ್ತೀರಿ? ಇನ್ನೊಂದು ಮಾತು, ಪೇಟೆಂಟ್ ವರ್ಷ ಸಿಕ್ಕರೂ ಮೆಷಿನ್ ತಯಾರಾದ ವರ್ಷ ಅದೇ ಅಂತ ಅಲ್ಲ. ಅದಾದ ಮೇಲೆ ಎಷ್ಟೋ ವರ್ಷ ಅದೇ ಅಚ್ಚಿನಲ್ಲಿ ಎರಕ ಹೊಯ್ದಿರುತ್ತಾರೆ.

ಪ್ಲೇಟ್ ಕೂರಿಸಿದ್ದು ಪಾಪ್ ರಿವೆಟ್‌ನಲ್ಲಿ, ಅಂದ್ರೆ ಗನ್ ಹಿಡಿದು ಒಂದೇ ಕಡೆಯಿಂದ ಹೊಡೆಯುವ ಈಗಿನ ಕಾಲದ ಮೊಳೆಯಲ್ಲಿ. ಹಿಂದುಗಡೆ ಅಲ್ಯೂಮಿನಿಯಂ ಹೊಸದಾಗಿ ಮಿನುಗುತ್ತಿತ್ತು.

ಆದ್ದರಿಂದ ದುಡ್ಡು ಕೊಡೋ ಮುಂಚೆ ಪ್ಲೇಟ್ ಮರೆತುಬಿಡಿ. ಮೆಷಿನ್ ಮಗುಚಿ ಹಾಕಿಸಿ, ಎರಕದ ಮೇಲೆ ಬೆರಳಾಡಿಸಿ. ಹೊಸ ಪೇಂಟ್ ಜಾಸ್ತಿ ದಪ್ಪ ಇದ್ದರೆ ಒಂದು ಕಡೆ ಉಜ್ಜಿ ತೋರಿಸಿ ಅನ್ನಿ. ಒಪ್ಪದಿದ್ದರೆ ಎದ್ದು ಬನ್ನಿ.

ಅಂಗಡಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಆ ಕಡೆಯಿಂದ ತಣ್ಣಗೆ ಉತ್ತರ ಬಂತು: "ಪ್ಲೇಟ್ ಇಷ್ಟ ಆಗಿಲ್ಲ ಅಂದ್ರೆ ಬಿಚ್ಚಿಬಿಡಿ ಸರ್."