ಎಕ್ಕವೋ, ಕೇಪಳವೋ, ಈಶ್ವರಿ ಬಳ್ಳಿಯೋ?

ಪುತ್ತೂರಿನ ನಮ್ಮ ಮನೆಯ ಅಂಗಳದಲ್ಲಿ ಚಿಟ್ಟೆಗೆಂದೇ ಮೂರು ಊರ ಗಿಡಗಳನ್ನು ನಾಲ್ಕು ವರ್ಷ ಸಾಕಿ ನೋಡಿದೆ.

ಸುಲಭದ್ದು ಕೇಪಳ, ಕೆಂಪು ಗೊಂಚಲು ಹೂವಿನ ಇಕ್ಸೋರಾ. ಮೊದಲ ಸಲ ನರ್ಸರಿಯವರು ‘ಕೇಪಳವೇ’ ಅಂತ ಕೊಟ್ಟದ್ದು ಕುಳ್ಳ ಜಾತಿಯ ಹೈಬ್ರಿಡ್. ಬೇಲಿಗೆ ಚಂದ, ಚಿಟ್ಟೆ ಮಾತ್ರ ಅಪರೂಪ. ಆಮೇಲೆ ಗುಡ್ಡೆಯಿಂದ ಗೆಲ್ಲು ತಂದು ನೆಟ್ಟೆ, ಗೊಬ್ಬರವನ್ನೂ ಕೇಳಲಿಲ್ಲ. ಹೂವಿನ ಕೊಳವೆ ಒಂದಿಂಚಿನಷ್ಟು ಉದ್ದ, ತೀರಾ ಸಪೂರ. ಹಾಗಾಗಿ ಬ್ಲೂ ಮಾರ್ಮನ್‌ನಂಥ ಉದ್ದ ಸೊಂಡಿಲಿನ ಚಿಟ್ಟೆಗಳೇ ಗಿರಾಕಿಗಳು. ಬರುತ್ತವೆ, ಕುಡಿಯುತ್ತವೆ, ಹೋಗುತ್ತವೆ. ಹಣ್ಣು ಮಕ್ಕಳಿಗೆ.

ಎಕ್ಕದ ಬೇರು ಮೊದಲ ಆಟಿ ಮಳೆಗೇ ಕೊಳೆಯಿತು. ಎರಡನೆಯದನ್ನು ಮುರಕಲ್ಲಿನ ದಿಬ್ಬದ ಮೇಲೆ, ಬಿಸಿಲಿಗೆ ನೆಟ್ಟೆ, ಬದುಕಿತು. ಕೆಲವೇ ತಿಂಗಳಲ್ಲಿ ಪ್ಲೇನ್ ಟೈಗರ್ ಚಿಟ್ಟೆ ಎಲೆಯಡಿ ಒಂದೊಂದೇ ಮೊಟ್ಟೆ ಇಟ್ಟಿತು. ಹುಳು ಮೊದಲು ಎಲೆಯ ನರವನ್ನು ಕಚ್ಚಿ ಹಾಲಿನ ಹರಿವು ನಿಲ್ಲಿಸುತ್ತದೆ, ಊಟ ಆಮೇಲೆ! ಹಳದಿ ಸಸ್ಯಹೇನು ಮುತ್ತಿದಾಗ ನಾನು ಬೇವಿನೆಣ್ಣೆ ಹೊಡೆದೆ. ಹೇನಿನ ಜೊತೆ ಹುಳುಗಳೂ ಸತ್ತವು. ಈಗ ನೀರು ಚಿಮ್ಮಿಸುವುದಷ್ಟೆ. ಗೆಲ್ಲು ಕಡಿಯುವಾಗ ಹಾಲು ಕಣ್ಣಿಗೆ ಸಿಡಿಯದಂತೆ ಜಾಗ್ರತೆ. ಬಯಲುಸೀಮೆಯವರಿಗೆ ನಾನು ಕಣ್ಣುಮುಚ್ಚಿ ಹೇಳುವುದು ಎಕ್ಕವನ್ನೇ.

ನನ್ನ ಮನಸ್ಸು ಹೋದದ್ದು ಈಶ್ವರಿ ಬಳ್ಳಿಗೆ. ಅದು ಮಹಾ ಸೋಮಾರಿ. ಬೀಜದಿಂದ ಎದ್ದು ಬೇಲಿ ಏರಲು ಎರಡು ವರ್ಷ ತೆಗೆದುಕೊಂಡಿತು. ಅರೆನೆರಳು, ತರಗೆಲೆಯ ಹೊದಿಕೆ ಸಾಕು. ಕಾಯಿ ಒಣಗಿ ಬಿರಿದಾಗ ಬೆಣ್ಣೆ ಇಡುವ ನೆಲುವಿನ ಹಾಗೆ ತೂಗುತ್ತದೆ. ಹಿಂದೆ ಹಾವಿನ ವಿಷಕ್ಕೆ ಮದ್ದೆಂದು ಇದನ್ನು ಅರೆದು ಕುಡಿಸುತ್ತಿದ್ದರು. ನೀವು ಬಾಯಿಗೆ ಹಾಕಬೇಡಿ, ಇದರ ಅರಿಸ್ಟೊಲೋಕಿಕ್ ಆಮ್ಲ ಮೂತ್ರಪಿಂಡವನ್ನು ಕೆಡಿಸುತ್ತದೆ. ಇದರ ಎಲೆ ತಿನ್ನುವ ಚಿಟ್ಟೆಹುಳುಗಳು ಅದೇ ವಿಷವನ್ನು ಮೈಯಲ್ಲಿ ತುಂಬಿಕೊಂಡು ಹಕ್ಕಿಗಳಿಂದ ಪಾರಾಗುತ್ತವೆ.

ಮೊದಲು ಕ್ರಿಮ್ಸನ್ ರೋಸ್ ಚಿಟ್ಟೆ ಬಂತು. ನಾಲ್ಕನೆಯ ವರ್ಷ, ಒಂದು ಬೆಳಗ್ಗೆ, ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್. ಹೆಣ್ಣಿನ ರೆಕ್ಕೆಯಗಲ 19 ಸೆಂ.ಮೀ. ವರೆಗೂ ಇರುತ್ತದೆ. ಅಮ್ಮ ಅದನ್ನು ಬಾವಲಿ ಅಂದುಕೊಂಡರು. ಕಡುಗೆಂಪು ಹುಳುಗಳು, ಮೈಯೆಲ್ಲ ಮೆತ್ತನೆ ಮುಳ್ಳು. ಎಲೆ ಮುಗಿದ ಮೇಲೆ ದಂಟಿನ ಸಿಪ್ಪೆಗೂ ಬಾಯಿ ಹಾಕಿದವು. ಒಂದೇ ಬಳ್ಳಿ ನೆಟ್ಟದ್ದು ನನ್ನ ತಪ್ಪು, ನಾಲ್ಕಾದರೂ ಬೇಕು.

ಈಗ ಬೇಲಿಯಲ್ಲಿ ಬರೀ ದಂಟು. ಹೋದ ವಾರ ಬುಡದಲ್ಲಿ ಎರಡು ಚಿಗುರು ಕಂಡವು. ಒಂದಕ್ಕೆ ಆಗಲೇ ಹುಳು ಏರಿದೆ.