ಮಂಡಿ ಆಪರೇಷನ್ ಆದ ನಾಯಿಗೆ ನೀರಿನ ಟ್ರೆಡ್‌ಮಿಲ್ಲೋ, ಈಜುಕೊಳವೋ?

ನಮ್ಮ ಲ್ಯಾಬ್ರಡಾರ್ ಚಿನ್ನುವಿಗೆ ಹಿಂಗಾಲಿನ ಮಂಡಿಯ ಲಿಗಮೆಂಟ್ ಹರಿದು ಆಪರೇಷನ್ ಆಯಿತು. ಚೇತರಿಕೆಗೆ ಬೆಂಗಳೂರಿನಲ್ಲಿ ನೀರಿನ ಟ್ರೆಡ್‌ಮಿಲ್, ಈಜುಕೊಳ ಎರಡನ್ನೂ ಮಾಡಿಸಿದೆವು. ಎರಡೂ ನೀರಿನ ಚಿಕಿತ್ಸೆಯೇ, ಆದರೆ ಮಾಡುವ ಕೆಲಸ ಬೇರೆ ಬೇರೆ. ಆಪರೇಷನ್ ಆದ ಮಂಡಿಗೆ ಮೊದಲು ಟ್ರೆಡ್‌ಮಿಲ್ಲೇ ಸರಿ ಅನ್ನುವುದು ನನ್ನ ಅಭಿಪ್ರಾಯ.

ಅದೊಂದು ಗಾಜಿನ ದೊಡ್ಡ ಪೆಟ್ಟಿಗೆ. ನಾಯಿ ಒಳಗೆ ಹೋದ ಮೇಲೆ ಬಾಗಿಲು ಹಾಕಿ ಬೆಚ್ಚಗಿನ ನೀರು ತುಂಬಿಸುತ್ತಾರೆ. ಆಮೇಲೆ ಬೆಲ್ಟ್ ನಿಧಾನವಾಗಿ ಸರಿಯುತ್ತದೆ. ಎಷ್ಟು ನೀರು ಅನ್ನುವುದರಲ್ಲೇ ಎಲ್ಲಾ ಇದೆ. ಸೊಂಟದ ಕೀಲಿನವರೆಗೆ ನೀರಿದ್ದರೆ ಕಾಲುಗಳ ಮೇಲೆ ನಾಯಿಯ ತೂಕದ ಸುಮಾರು 38% ಮಾತ್ರ ಬೀಳುತ್ತದೆ. ಮಂಡಿಯವರೆಗೆ ಇಳಿಸಿದರೆ ಸುಮಾರು 85%. ಕಾಲಿಗೆ ಬಲ ಬಂದ ಹಾಗೆ ನೀರು ಇಳಿಸುತ್ತಾ ಹೋಗುತ್ತಾರೆ. ಮನೆಯಲ್ಲಿ ಆ ಕಾಲನ್ನು ಎತ್ತಿಕೊಂಡೇ ಓಡಾಡುತ್ತಿದ್ದ ಚಿನ್ನು, ನೀರಿನಲ್ಲಿ ನಾಲ್ಕೂ ಕಾಲು ಊರಿ ನಡೆದಳು! ಗಾಜಿನಾಚೆಯಿಂದ ಒಂದೊಂದು ಹೆಜ್ಜೆಯೂ ಕಾಣುತ್ತದೆ. ಸುಸ್ತಾಗಿ ಹೆಜ್ಜೆ ತಪ್ಪಿದರೆ ತಕ್ಷಣ ಬೆಲ್ಟ್ ನಿಲ್ಲಿಸಬಹುದು.

ಈಜುಕೊಳದಲ್ಲಿ ಈ ಹಿಡಿತ ಇರುವುದಿಲ್ಲ. ಲೈಫ್ ಜಾಕೆಟ್ ಹಾಕಿ, ಒಬ್ಬರು ಜೊತೆಯಲ್ಲೇ ನೀರಿಗಿಳಿದರೂ ನಾಯಿ ಜೋರಾಗಿ ಕಾಲು ಬಡಿದರೆ ತಡೆಯುವುದು ಕಷ್ಟ. ಅದಕ್ಕೇ ನಮ್ಮ ಡಾಕ್ಟರು ಎಕ್ಸ್‌ರೇ ನೋಡಿ, ಆಪರೇಷನ್‌ನಲ್ಲಿ ಕತ್ತರಿಸಿದ್ದ ಮೂಳೆ ಕೂಡಿದೆ ಅಂತ ಖಾತ್ರಿಯಾದ ಮೇಲಷ್ಟೇ ಒಪ್ಪಿದರು. ಇನ್ನೊಂದು ವಿಷಯ: ತುಂಬಾ ನಾಯಿಗಳು ಮುಂಗಾಲಿನಲ್ಲೇ ಜಾಸ್ತಿ ಈಜುತ್ತವೆ. ಈಜುವಾಗ ಮಂಡಿ ಚೆನ್ನಾಗಿ ಮಡಚುತ್ತದೆ ನಿಜ, ಆದರೆ ನಡೆಯುವಾಗಿನಷ್ಟು ನೀಳವಾಗುವುದಿಲ್ಲ. ನೆಲಕ್ಕೆ ಕಾಲು ಊರುವ ಅಭ್ಯಾಸವಂತೂ ಅಲ್ಲಿ ಆಗುವುದೇ ಇಲ್ಲ. ಹಾಗಂತ ಕೊಳ ಬೇಡ ಅನ್ನಲಾರೆ. ಮಲಗಿ ಮಲಗಿ ತೂಕ ಏರಿದ್ದ ಚಿನ್ನುವಿಗೆ ಕೀಲಿಗೆ ಏಟಿಲ್ಲದೆ ದಮ್ಮು ಬಂದಿದ್ದು ಅಲ್ಲೇ. ಅವಳ ಖುಷಿ ನೋಡಬೇಕಿತ್ತು! ಕೀಲುನೋವಿರುವ ವಯಸ್ಸಾದ ನಾಯಿಗಳಿಗೂ, ನೀರಿನ ಭಯ ಇಲ್ಲದಿದ್ದರೆ, ಈಜು ಒಳ್ಳೆಯದೇ.

ಖರ್ಚಿನ ಲೆಕ್ಕದಲ್ಲಿ ನಮಗೆ ಕೊಳವೇ ಅಗ್ಗವಾಯಿತು.

"ಊರಿನ ಕೃಷಿ ಹೊಂಡಕ್ಕೇ ಬಿಡಬಹುದಲ್ವಾ?" ಅಂತ ನಂಟರು ಕೇಳಿದರು. ದಯವಿಟ್ಟು ಬಿಡಬೇಡಿ. ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಶೀಟ್ ಮೇಲೆ ಉಗುರು ನಿಲ್ಲುವುದಿಲ್ಲ. ಗಟ್ಟಿ ನಾಯಿಯೇ ಮೇಲೆ ಹತ್ತಲಾರದೆ ಮುಳುಗಬಹುದು, ಇನ್ನು ಕುಂಟುವ ನಾಯಿಯ ಗತಿ ಏನು? ಕೆರೆ ನೀರಿನಲ್ಲಿ ಇಲಿಜ್ವರದ ಭಯ. ಮೇಲೆ ಹಸಿರು ಕೆನೆ ಕಟ್ಟಿದ್ದರೆ ಅದು ವಿಷವೂ ಆಗಿರಬಹುದು.

ಟ್ರೆಡ್‌ಮಿಲ್ ಆಗಲಿ, ಕೊಳ ಆಗಲಿ, ಹೊಲಿಗೆಯ ಗಾಯ ಪೂರ್ತಿ ಒಣಗಿರಬೇಕು. ಹೃದಯದ ತೊಂದರೆ, ಫಿಟ್ಸ್ ಇದ್ದರೆ ಮೊದಲೇ ಡಾಕ್ಟರಿಗೆ ಹೇಳಿ. ನೀರಿನಿಂದ ಬಂದ ಮೇಲೆ ಕಿವಿ ಚೆನ್ನಾಗಿ ಒರೆಸಿ. ಲ್ಯಾಬ್ರಡಾರ್‌ನಂಥ ಜೋಲುಕಿವಿಯಲ್ಲಿ ತೇವ ನಿಂತರೆ ಸೋಂಕು ಬೇಗ ಹಿಡಿಯುತ್ತದೆ. ಆಪರೇಷನ್ ಕಾಗದ ಕೇಳದೆ ಸೀದಾ ನೀರಿಗಿಳಿಸುವ ಜಾಗಕ್ಕೆ ನಾನಂತೂ ನಾಯಿಯನ್ನು ಕರೆದುಕೊಂಡು ಹೋಗುವುದಿಲ್ಲ.